ಮನೆಯವರು ಉಣ್ಣದ ಹೋಟೆಲು

ಹುಡುಗನ ನೌಕರಿ ನೋಡಿ ಮದುವೆಗೆ ಒಪ್ಪಿದವರಿದ್ದಾರೆ, ಎತ್ತರ ನೋಡಿ ಒಪ್ಪಿದವರಿದ್ದಾರೆ, ಅಪ್ಪ ಅಮ್ಮನ ಕಾಟ ತಾಳಲಾರದೆ ಒಪ್ಪಿದವರಂತೂ ಬೇಕಾದಷ್ಟು. ಹುರಿದ ಮೀನಿನ ಆಸೆಗೆ ಒಪ್ಪಿದವಳು ಮಾತ್ರ ಈ ದರ್ಜಿಯ ಮಗಳೊಬ್ಬಳೇ ಇರಬೇಕು.

ಹೊಳೆಯ ದಂಡೆಯಲ್ಲಿ, ದೋಣಿಕಟ್ಟೆಗೆ ತಾಗಿಕೊಂಡೇ ಆ ಹೋಟೆಲು ಇತ್ತು. ಬೋರ್ಡಿನ ಮೇಲೆ ಏನೋ ದೊಡ್ಡ ಹೆಸರು ಬರೆಸಿದ್ದರು. ಊರಿನ ಬಾಯಲ್ಲಿ ಅದು ‘ನೀರಂಚು’. ವರ್ಷಕ್ಕೊಂದು ಸಲ, ಮಗಳು ಹುಟ್ಟಿದ ದಿನ, ದರ್ಜಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಅಂಗಡಿಗೆ ಬೀಗ ಹಾಕಿ, ಅವಳ ಕೈ ಹಿಡಿದು ಅಲ್ಲಿಗೆ ಹೊರಡುತ್ತಿದ್ದ. ಅವನ ಹೆಂಡತಿಗೆ ಮೀನಿನ ವಾಸನೆ ಆಗದು. ಹಾಗಾಗಿ ಅಪ್ಪ, ಮಗಳು ಇಬ್ಬರೇ. ಹುಡುಗಿಗೆ ನೀರಿನ ಕಡೆಯ ಕಿಟಕಿಯ ಮೇಜೇ ಆಗಬೇಕು. ಅಲ್ಲಿ ಬೇರೆಯವರು ಕೂತಿದ್ದರೆ ಅವರ ತುತ್ತು ತುತ್ತನ್ನೂ ನೋಡುತ್ತಾ ಪಕ್ಕದಲ್ಲೇ ನಿಂತುಬಿಡುತ್ತಿದ್ದಳು. ಅವರು ಪಾಪ ಬೇಗಬೇಗ ಉಂಡು ಏಳುತ್ತಿದ್ದರು. ಒಳಗಿನಿಂದ ಮುದಿ ಅಡುಗೆಯವನು ಕೈ ಒರೆಸಿಕೊಳ್ಳುತ್ತಾ ಬಂದು, “ಓಹೋ, ಕಿಟಕಿರಾಣಿ ಸವಾರಿ ಬಂತಪ್ಪಾ!” ಅನ್ನುತ್ತಿದ್ದ. ಹಿಂದೆಯೇ ಮೀನು ಬರುತ್ತಿತ್ತು. ಮೇಲೆ ಚರಚರ ಅನ್ನುವ ತೊಗಲು, ಬೆರಳು ಸೋಕಿದರೆ ಸಾಕು, ಒಳಗೆ ಪದರ ಪದರವಾಗಿ ಬಿಚ್ಚಿಕೊಳ್ಳುವ ಬಿಳುಪು. ಕಿಟಕಿಯ ಕೆಳಗಿನ ಹೊಳೆಯಿಂದ ಅದು ತನಗಾಗಿಯೇ ತಟ್ಟೆಗೆ ಹಾರಿ ಬಂದಿದೆ ಎಂದು ಅವಳು ಬಹಳ ವರ್ಷ ನಂಬಿಕೊಂಡಿದ್ದಳು.

ಹೀಗಿರುವಾಗ ನೀರಂಚಿನ ಮನೆಯಿಂದಲೇ ಸಂಬಂಧ ಬಂತು. “ಹುಡುಗ ಹೇಗಿದ್ದಾನೆ ಅಂತಲಾದ್ರೂ ನೋಡೇ,” ಎಂದಳು ತಾಯಿ.

“ನೋಡಿದೀನಮ್ಮ. ಎಷ್ಟೋ ಸಲ ತಟ್ಟೆ ತಂದಿಟ್ಟಿದಾನೆ. ಒಂದು ಸಲಾನೂ ಚೆಲ್ಲಿಲ್ಲ.”

ಮನೆ ಹೋಟೆಲಿನ ಬೆನ್ನಿಗೇ ಇತ್ತು. ನಡುವೆ ಒಂದು ಓಣಿ, ನಾಲ್ಕಾರು ಮೆಟ್ಟಿಲು. ಮಾವ ಗಲ್ಲಾದ ಮೇಲೆ ಕೂರುತ್ತಿದ್ದರು. ಮುದಿ ಅಡುಗೆಯವನು ಮದುವೆಗೆ ಮೂರು ತಿಂಗಳ ಮುಂಚೆ ಮಂಡಿನೋವೆಂದು ಮಗಳ ಊರಿಗೆ ಹೋಗಿಬಿಟ್ಟಿದ್ದ. ಅಂದಿನಿಂದ ಒಲೆಯ ಮುಂದೆ ನಿಂತವನು ಗಂಡ. ಅತ್ತೆ ಮನೆಯ ಅಡುಗೆ ಮಾಡುತ್ತಿದ್ದರು. ನಾದಿನಿ ಕಾಲೇಜಿಗೆ ಹೋಗಿಬಂದು ಮಿಕ್ಕ ಹೊತ್ತಿನಲ್ಲಿ ಎಲ್ಲರ ಮಾತಿಗೂ ಕೊಕ್ಕೆ ಹಾಕುತ್ತಿದ್ದಳು. ಹೊಸ ಸೊಸೆ ಮೊದಲ ವಾರವೇ ಆಸೆಯಿಂದ ಕೇಳಿದಳು, “ಅತ್ತೆ, ಇವತ್ತು ಹೋಟೆಲಿಂದ ಮೀನು ತರಿಸೋಣವಾ?”

ಅತ್ತೆ ಹೆಚ್ಚುತ್ತಿದ್ದ ಈರುಳ್ಳಿಯನ್ನು ಅಲ್ಲಿಗೇ ಬಿಟ್ಟರು. “ಏನಂದೆ? ಇನ್ನೊಂದು ಸಲ ಅನ್ನಬೇಡ. ಹೋಟೆಲಿನ ತುತ್ತು ಮನೆಯವರ ಬಾಯಿಗೆ ಬೀಳೋ ಹಾಗಿಲ್ಲ.”

“ಯಾಕತ್ತೆ?”

ಅದಕ್ಕೊಂದು ಕಥೆಯೇ ಇತ್ತು. ನೀರಂಚು ಇನ್ನೂ ತಗಡಿನ ಚಪ್ಪರವಾಗಿದ್ದ ಕಾಲ. ಆಗಿನ ಯಜಮಾನಿ ಮಾವನ ತಾಯಿ. ಮನೆತುಂಬ ಮಕ್ಕಳು, ಒಂದೊಂದಾಗಿ ಬಂದು ಮೀನಿನ ನಡುತುಂಡನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದವು. ಒಂದು ದಿನ ದೋಣಿಯಿಂದಿಳಿದ ಮುದುಕನೊಬ್ಬ ಹಸಿದು ಕೂತರೆ ಅವನ ತಟ್ಟೆಗೆ ಬಾಲವೇ ಗತಿಯಾಯಿತಂತೆ. ಅವನು ಅದನ್ನೇ ಉಂಡು, ಪೂರ್ತಿ ದುಡ್ಡು ಕೊಟ್ಟು, “ತಾಯಿ, ನಿನ್ನ ಮಕ್ಕಳು ಚೆನ್ನಾಗಿ ಬೆಳೀತಿದಾರೆ” ಅಂದು ಹೋದನಂತೆ. ಆ ಮಾತು ಯಜಮಾನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವತ್ತೇ ಕಟ್ಟು ಮಾಡಿದಳು: ಮನೆಯವರು ಮನೆಯಲ್ಲಿ ಉಣ್ಣಬೇಕು, ಹೋಟೆಲಿನದು ಬಂದವರಿಗೆ.

“ನಾನು ಈ ಮನೆಗೆ ಕಾಲಿಟ್ಟಾಗಿಂದ ಅಲ್ಲಿನ ಒಂದು ಚೂರು ಬಾಯಿಗೆ ಹಾಕಿಲ್ಲ,” ಅತ್ತೆ ಮತ್ತೆ ಈರುಳ್ಳಿಗೆ ಕೈ ಹಾಕಿದರು. “ವಾಸನೆ ಮಾತ್ರ ದಿನಾ ಉಂಡಿದೀನಿ.”

ಸೊಸೆ ಆ ರಾತ್ರಿ ತಾಯಿಗೆ ಫೋನು ಮಾಡಿ ಎಲ್ಲ ಚೆನ್ನಾಗಿದೆ ಎಂದಳು. ಮೀನಿನ ವಿಷಯ ಎತ್ತಲಿಲ್ಲ.

ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುವುದು ಹೋಟೆಲಿನ ಮಧ್ಯಾಹ್ನದ ಭರಾಟೆ ಮುಗಿದ ಮೇಲೆ. ಬರಬರುತ್ತಾ ಆ ಭರಾಟೆ ಬೇಗಬೇಗ ಮುಗಿಯತೊಡಗಿತು. ಮೊದಲು ಹೊಸ್ತಿಲ ತನಕ ಜನ ಕಾಯುತ್ತಿದ್ದ ಜಾಗದಲ್ಲಿ ಈಗ ಬೆಕ್ಕು ಮಲಗಿರುತ್ತಿತ್ತು.

“ಎಲ್ಲಾ ಆ ಸೇತುವೆಯಿಂದ,” ಮಾವ ಅನ್ನ ಕಲಸುತ್ತಾ ಹೇಳಿದರು. “ಅದು ಆದ ಮೇಲೆ ದೋಣಿಗೆ ಯಾರು ಬರ್ತಾರೆ, ಹೇಳು.”

“ಸೇತುವೆ ಆದಾಗ ನಾನು ಲಂಗ ಹಾಕ್ತಿದ್ದೆ ಅಪ್ಪಾ. ಆಮೇಲೂ ಜನ ಮುಗಿಬೀಳ್ತಿದ್ರಲ್ಲ,” ಎಂದಳು ನಾದಿನಿ.

“ಹೊಳೆ ನಾರ್ತಿದೆ. ಅದಕ್ಕೇ ಬರಲ್ಲ.”

“ಹೊಳೆ ಯಾವಾಗ ಅತ್ತರು ಹಾಕ್ಕೊಂಡಿತ್ತು?”

“ನೀನು ಬಾಯಿ ಮುಚ್ಕೊಂಡು ಉಣ್ಣು.”

“ಬಾಯಿ ಮುಚ್ಕೊಂಡು ಹೇಗಪ್ಪಾ ಉಣ್ಣೋದು?”

ಅತ್ತೆ ನಗು ತಡೆಯಲು ಸಾರಿನ ಪಾತ್ರೆಯೊಳಗೆ ಇಣುಕಿದರು. ಗಂಡ ಮಾತ್ರ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಇವತ್ತೊಬ್ಬರು ಸೂಪು ವಾಪಸ್ ಕಳಿಸಿದ್ರು,” ಎಂದ. “ಉಪ್ಪು ಜಾಸ್ತಿಯಂತೆ. ಅದಕ್ಕೇ ಮೀನಿಗೆ ಕಡಿಮೆ ಹಾಕಿದೆ. ಅದು ಸಪ್ಪೆ ಅಂದ್ರು.”

“ಅಳತೆ ತಪ್ಪಿದೆಯಾ?”

“ಇಲ್ಲಪ್ಪಾ. ತಾತ ಬಿಟ್ಟುಹೋದ ಅಳತೆಯ ಮಗ್ಗೇ, ಅದೇ ಸೌಟೇ. ಕಣ್ಣು ಮುಚ್ಚಿ ಹಾಕ್ತೀನಿ.” ಮುದಿ ಅಡುಗೆಯವನನ್ನು ಅವನು ತಾತ ಎಂದೇ ಕರೆಯುತ್ತಿದ್ದ.

“ಹಾಗಾದ್ರೆ ಜನರ ನಾಲಿಗೆ ಕೆಟ್ಟಿದೆ, ಬಿಡು.” ಮಾವ ನೀರು ಕುಡಿದರು. “ನೀರಿನ ಕಡೆಗೆ ಬಣ್ಣದ ದೀಪ ಹಾಕಿಸ್ತೀನಿ. ಅದಕ್ಕೂ ಬರಲಿಲ್ಲ ಅಂದ್ರೆ ಗೋದಾಮಿಗೆ ಜಾಗ ಕೇಳ್ತಿದಾನಲ್ಲ, ಆ ಸಿಮೆಂಟಿನವನು, ಅವನಿಗೆ ಕೊಟ್ಟು ಕೈ ತೊಳ್ಕೊಳ್ಳೋಣ.”

ಕೈ ತೊಳೆಯಲು ಎದ್ದಿದ್ದ ಗಂಡ ಅಲ್ಲೇ ನಿಂತ. “ಸಿಮೆಂಟಿನವನಿಗಾ?”

“ಇನ್ನೇನು? ಮಳೆಗಾಲದ ತನಕ ನೋಡ್ತೀನಿ. ಅಷ್ಟೇ.”

ದೀಪಗಳು ಬಂದವು. ಕೆಂಪು, ಹಸಿರು, ನೀಲಿ. ಒಂದು ವಾರ ಹುಡುಗ ಹುಡುಗಿಯರು ಬಂದು ಅವುಗಳ ಕೆಳಗೆ ನಿಂತು ಫೋಟೋ ತೆಗೆದುಕೊಂಡರು, ಒಂದು ಟೀಗೆ ಎರಡು ಲೋಟ ಕೇಳಿ ಹಂಚಿ ಕುಡಿದರು, ಹೋದರು. ಮಾವನ ಮುಖ ಇನ್ನಷ್ಟು ಗಂಟಾಯಿತು.

ಸೊಸೆ ಹುಟ್ಟಿದ ದಿನ ಬಂತು. ದರ್ಜಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳಿಗೆಂದು ತಾನೇ ಹೊಲಿದ ರವಿಕೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿಳಿದ. ಕಿಟಕಿಯ ಮೇಜು ಖಾಲಿ ಇತ್ತು. ಅಷ್ಟೇಕೆ, ಎಲ್ಲ ಮೇಜೂ ಖಾಲಿ ಇದ್ದವು. ಅವನು ಕೂತು ಎದುರಿನ ಕುರ್ಚಿಯನ್ನು ಕಾಲಿನಿಂದ ಹಿಂದೆ ತಳ್ಳಿದ. “ಬಾರೇ, ಕೂತ್ಕೋ.”

“ನಾನೀಗ ಈ ಮನೆಯವಳಪ್ಪಾ. ಕೂರೋ ಹಾಗಿಲ್ಲ.”

“ಓ, ಹೌದಲ್ಲ!” ಅವನು ನಕ್ಕ. ಆಮೇಲೆ ಎದುರಿನ ಖಾಲಿ ಕುರ್ಚಿ ನೋಡಿ ನಗು ನಿಲ್ಲಿಸಿದ.

ಅವಳು ನೀರಿನ ಜಗ್ಗು ಹಿಡಿದು ಪಕ್ಕದಲ್ಲಿ ನಿಂತಳು. ಗಂಡ ತಾನೇ ಮೀನು ತಂದಿಟ್ಟ. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಹೆಣ್ಣು ಕೊಟ್ಟ ಮಾವನಿಗೆ ಬಡಿಸುವ ಅಳಿಯನ ನಾಚಿಕೆಯಲ್ಲಿ ಬೆವತಿದ್ದ. ದರ್ಜಿ ಒಂದು ತುತ್ತು ತಿಂದ. ಎರಡನೆಯದನ್ನು ನಿಧಾನವಾಗಿ ಅಗಿದ. ಮುಳ್ಳಿಗೆ ಅಂಟಿದ್ದನ್ನೂ ಬಿಡದೆ, ತಟ್ಟೆಯನ್ನು ತೊಳೆದ ಹಾಗೆ ಮಾಡಿ ಏಳುವ ಮನುಷ್ಯ ಅವನು. ಈ ಸಲ ಅರ್ಧ ಮೀನನ್ನು ಆಲೂಗಡ್ಡೆಯ ಕೆಳಗೆ ಮೆಲ್ಲಗೆ ಸರಿಸಿ, ಅದರ ಮೇಲೆ ನಿಂಬೆ ಸಿಪ್ಪೆಯನ್ನಿಟ್ಟ. ಅಳತೆಯ ಪಟ್ಟಿ ಹಿಡಿದು ಸವೆದ ಬೆರಳುಗಳು ಆ ಕಳ್ಳತನವನ್ನು ಬಲು ಅಚ್ಚುಕಟ್ಟಾಗಿ ಮಾಡಿದವು. ಆದರೆ ಮಗಳ ಕಣ್ಣು ಅಲ್ಲೇ ಇತ್ತು.

ಗಲ್ಲಾದ ಬಳಿ ಮಾವ ದುಡ್ಡು ಮುಟ್ಟಲಿಲ್ಲ. “ನಿಮ್ಮ ಹತ್ರ ತಗೊಳ್ಳೋದಾ ಬೀಗರೇ? ಊಟ ಹೇಗಿತ್ತು ಹೇಳಿ.”

“ಕೇಳ್ಬೇಕಾ ಬೀಗರೇ! ಎಂದಿನ ಹಾಗೇ.”

ಬಸ್ ಸ್ಟಾಪಿನ ತನಕ ಅವಳು ಬಿಡಲಿಲ್ಲ. “ನಿಜ ಹೇಳಪ್ಪಾ.”

“ಬೆಳಿಗ್ಗೆ ತಿಂಡಿ ಜಾಸ್ತಿಯಾಗಿತ್ತು ಕಣೇ.”

“ಅಮ್ಮನಿಗೆ ಫೋನ್ ಮಾಡಿ ಕೇಳ್ಲಾ?”

ದರ್ಜಿ ರಸ್ತೆಯ ಆಚೆ ನೋಡಿದ. ಬಸ್ಸಿನ ಸುಳಿವಿರಲಿಲ್ಲ. “ಹೇಗೆ ಹೇಳ್ಲಿ... ಅಂಗಿ ಇದೆ, ತೋಳಿದೆ, ಕಾಲರ್ ಇದೆ, ಎಲ್ಲ ಅಳತೆ ಪ್ರಕಾರಾನೇ ಇದೆ. ಮೈಗೆ ಹಾಕಿ ನೋಡ್ದೆ ಹೊಲಿದುಬಿಟ್ಟಿದಾರೆ. ಹಾಗಿತ್ತು.” ತಕ್ಷಣವೇ ಅವಳ ಕೈ ಹಿಡಿದುಕೊಂಡ. “ನೋಡು, ನಾನು ಹೇಳಿದೆ ಅಂತ ಅಲ್ಲಿ ಬಾಯಿ ಬಿಡಬೇಡ. ಅಳಿಯಂದ್ರು ಎಷ್ಟು ಪ್ರೀತಿಯಿಂದ ತಂದಿಟ್ರು!”

ಅವಳು ಹಿಂದಿರುಗಿದಾಗ ಗಂಡ ಹಿತ್ತಲ ಕಟ್ಟೆಯ ಮೇಲೆ ಕೂತು ಚಾಕು ಮಸೆಯುತ್ತಿದ್ದ. ಅವಳು ತಂತಿಯಿಂದ ಒಣಗಿದ ಏಪ್ರನ್ನುಗಳನ್ನು ತೆಗೆಯುತ್ತಾ, ಏನೂ ಇಲ್ಲದವಳ ಹಾಗೆ ಕೇಳಿದಳು, “ರೀ, ಸೂಪಿನ ರುಚಿ ನೀವು ಯಾವಾಗ ನೋಡ್ತೀರಾ? ಕುದಿಯುವಾಗಲಾ, ಇಳಿಸಿದ ಮೇಲಾ?”

ಚಾಕು ನಿಂತಿತು. “ನಾನಾ?”

“ಮತ್ತಿನ್ಯಾರು?”

“ನಾನ್ಹೇಗೆ ನೋಡ್ಲಿ? ನಾನು ಮನೆಯವನಲ್ವಾ?”

ಅವಳ ಕೈಯಲ್ಲಿದ್ದ ಏಪ್ರನ್ನು ನೆಲಕ್ಕೆ ಜಾರಿತು. ಅವನು ತಮಾಷೆ ಮಾಡುತ್ತಿರಲಿಲ್ಲ.

“ಇಷ್ಟು ತಿಂಗಳಿಂದ? ಒಂದು ಚಮಚಾನೂ?”

“ಒಂದು ಹನಿಯೂ ಇಲ್ಲ,” ಎಂದ ಅವನು, ಹೆಮ್ಮೆಯಿಂದಲೇ. “ತಾತ ಹೊರಗಿನವನು, ಅವನು ನೋಡ್ತಿದ್ದ. ನಾನು ಕಣ್ಣಲ್ಲೇ ನೋಡ್ತೀನಿ. ಬಣ್ಣ ಗೊತ್ತಾಗುತ್ತೆ, ಸದ್ದು ಗೊತ್ತಾಗುತ್ತೆ. ಕೆಲಸದವರಿಗೂ ಕೊಡ್ತೀನಲ್ಲ, ಚೆನ್ನಾಗಿದೆ ಅಂತಾರೆ.”

“ಸಂಬಳ ಕೊಡೋ ಯಜಮಾನನ ಎದುರು ಚೆನ್ನಾಗಿಲ್ಲ ಅನ್ನೋಕೆ ಅವರಿಗೇನು ತಲೆ ಕೆಟ್ಟಿದೆಯಾ?”

ಅವನು ಅವಳ ಮುಖವನ್ನೇ ನೋಡಿದ. “ನಿಮ್ಮಪ್ಪ ಏನಾದ್ರೂ ಅಂದ್ರಾ?”

ಅವಳು ಬಗ್ಗಿ ಬಿದ್ದ ಏಪ್ರನ್ನನ್ನು ಎತ್ತಿಕೊಂಡಳು. ಅಷ್ಟು ಸಾಕಾಯಿತು. ಅವನು ಚಾಕುಗಳನ್ನು ಬಾಚಿಕೊಂಡು ಎದ್ದು ಹೋದ.

ಮುಂದಿನ ದಿನಗಳಲ್ಲಿ ಗಂಡ ಹೆಂಡತಿಯ ಮಾತುಕತೆಯೆಲ್ಲ ನಾದಿನಿಯ ಮೂಲಕವೇ ಸಾಗಿತು. “ಅತ್ತಿಗೆ, ನಿಮ್ಮ ಗಂಡ ಟವೆಲ್ ಎಲ್ಲಿ ಅಂತ ಕೇಳ್ತಿದಾರೆ.” “ಅಣ್ಣಾ, ನಿನ್ನ ಹೆಂಡತಿ ನಿನ್ನ ಹೆಗಲ ಮೇಲೇ ಇದೆ ಅಂತಿದಾರೆ.” ಮೂರನೆಯ ಸಲ ಅವಳು ಸೊಂಟದ ಮೇಲೆ ಕೈಯಿಟ್ಟಳು. “ಇನ್ಮೇಲೆ ಒಂದೊಂದು ಮಾತಿಗೆ ಒಂದೊಂದು ಐಸ್‌ಕ್ರೀಮು. ಇಬ್ಬರ ಕಡೆಯಿಂದಲೂ.”

ಒಂದು ಬೆಳಿಗ್ಗೆ ಅತ್ತೆ ಸೊಸೆ ಬಟಾಣಿ ಬಿಡಿಸುತ್ತಾ ಕೂತಿದ್ದರು. ಮೂರು ಕಾಳು ಬುಟ್ಟಿಗೆ, ನಾಲ್ಕು ನೆಲಕ್ಕೆ ಹಾಕುತ್ತಿದ್ದ ಸೊಸೆಯನ್ನು ನೋಡಿ ಅತ್ತೆ ಕೇಳಿದರು, “ಏನಾಗಿದೆ ನಿಮಗೆ? ಕಕ್ಕಿಬಿಡು.”

ಅವಳು ಎಲ್ಲ ಹೇಳಿದಳು. ಅತ್ತೆ ಇನ್ನೊಂದು ಹಿಡಿ ಕಾಯಿ ಸುಲಿದರು.

“ಈಗ ಹೋಟೆಲಿಗೆ ಯಾವ ಉಪ್ಪು ತರಿಸ್ತಾರೆ?”

“ಪ್ಯಾಕೆಟ್ಟಿನದು. ಪುಡಿ ಉಪ್ಪು.”

“ತಾತ ಇದ್ದಾಗ ಹರಳುಪ್ಪಿನ ಮೂಟೆ ಬರ್ತಿತ್ತು,” ಅತ್ತೆಯ ಕೈ ನಿಂತಿತು. “ಹರಳು ಹಾಕ್ತಿದ್ದ ಅಳತೆಯ ಮಗ್ಗಿನಲ್ಲೇ ಇವನು ಪುಡಿ ಒತ್ತಿ ತುಂಬ್ತಿದಾನೆ. ಅಯ್ಯೋ ನನ್ನ ಮಗನೇ!”

ಅವತ್ತು ಮಧ್ಯಾಹ್ನ ಎಲ್ಲರ ತಟ್ಟೆಗೂ ಬಡಿಸಿ, ತಾವು ಕೂರುವ ಮೊದಲೇ ಅತ್ತೆ ಮಾತು ತೆಗೆದರು. ಮಾವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ತುತ್ತು ಕೆಳಗಿಟ್ಟು ಮಗನ ಕಡೆ ತಿರುಗಿದರು.

“ರುಚಿ ನೋಡಲ್ವಾ ನೀನು? ಒಲೆ ಮುಂದೆ ನಿಂತವನು ನಾಲಿಗೆಗೆ ಹಚ್ಚಿ ನೋಡಬೇಕು ಅಂತ ಅದನ್ನೂ ಹೇಳಿಕೊಡಬೇಕಾ?”

“ನೀವು ಯಾವತ್ತು ಹೇಳಿದ್ರಿ?” ಗಂಡನ ದನಿ ಏರಿದ್ದನ್ನು ಸೊಸೆ ಅದೇ ಮೊದಲ ಸಲ ಕೇಳಿದ್ದು. “ಚಿಕ್ಕವನಿದ್ದಾಗ ಒಂದೇ ಒಂದು ಆಲೂಗಡ್ಡೆ ತುಂಡು ಬಾಯಿಗೆ ಹಾಕಿದ್ದಕ್ಕೆ ಗಿರಾಕಿಗಳ ಎದುರಿಗೇ ಉಗುಳಿಸಿದ್ರಿ. ನೆನಪಿದೆಯಾ? ತಾತ ಹೋದಾಗ ಅವನ ಜಾಗದಲ್ಲಿ ನಿಲ್ಲು ಅಂದ್ರಿ, ನಿಂತೆ. ಉಣ್ಣಬಹುದು ಅಂತ ಅನ್ನಲಿಲ್ಲ.”

“ಉಣ್ಣೋದೇ ಬೇರೆ, ರುಚಿ ನೋಡೋದೇ ಬೇರೆ!”

“ಆವಾಗ ಅದು ಬೇರೆ ಇರಲಿಲ್ಲ ಅಪ್ಪಾ.”

 ಮಾವನ ಸಿಟ್ಟು ಈಗ ಸೊಸೆಯ ಕಡೆ ಹರಿಯಿತು. “ಎಲ್ಲಾ ಎಲ್ಲಿಂದ ಶುರುವಾಯ್ತು ಅಂತ ಗೊತ್ತು ನನಗೆ. ನನ್ನೆದುರು ಎಂದಿನ ಹಾಗೇ ಅಂದು, ಮಗಳ ಕಿವೀಲಿ ಬೇರೆ ಊದಿ ಹೋಗಿದಾರೆ. ಇನ್ನು ಅವರನ್ನ ಇಲ್ಲಿಗೆ ಊಟಕ್ಕೆ ಕರೀಬೇಡ.”

“ಅಪ್ಪಾ!” ನಾದಿನಿ ಕೂಡ ಬೆಚ್ಚಿದಳು.

“ಜನ ಬರದೇ ಇರೋದು ಸೇತುವೆಯಿಂದ. ನಮ್ಮಮ್ಮ ಹಾಕಿದ ಕಟ್ಟು ನಾನಿರೋ ತನಕ ಮುರಿಯಲ್ಲ. ನಾಳೆ ಸಿಮೆಂಟಿನವನ ಹತ್ರ ಮಾತಾಡ್ತೀನಿ.”

ಸೊಸೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿಯನ್ನು ಜೋರಾಗಿ ಬಿಟ್ಟು ತೊಳೆದದ್ದನ್ನೇ ತೊಳೆದಳು. ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ಗಂಡ. ಅವನು ಒರೆಸುವ ಬಟ್ಟೆ ತೆಗೆದುಕೊಂಡು ಅವಳು ತೊಳೆದಿಟ್ಟ ತಟ್ಟೆಗಳನ್ನು ಒಂದೊಂದಾಗಿ ಒರೆಸಿದ. “ಅವತ್ತು ನಿಮ್ಮಪ್ಪ ಅರ್ಧಾನೇ ತಿಂದ್ರಾ?” ಎಂದು ಕೇಳಿದ, ಕೊನೆಗೆ.

“ಅರ್ಧ. ಇನ್ನರ್ಧ ಆಲೂಗಡ್ಡೆ ಕೆಳಗೆ.”

“ಮ್,” ಎಂದ. ಇನ್ನೊಂದು ತಟ್ಟೆ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಟೀ ಆದ ಮೇಲೆ ಅತ್ತೆ ಒಲೆ ಹಚ್ಚಲಿಲ್ಲ. ತರಕಾರಿ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದರು. ತಲೆಗೆ ನೀರು ಹಾಕಿಕೊಂಡರು. ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದುಟ್ಟರು. ಸೊಸೆ, “ಅನ್ನಕ್ಕಿಡಲಾ ಅತ್ತೆ?” ಎಂದರೆ, “ಯಾರಿಗೆ?” ಎಂದರು. ಮಧ್ಯಾಹ್ನ ಸೊಸೆಯನ್ನೂ ಮಗಳನ್ನೂ ಕರೆದುಕೊಂಡು ಮೆಟ್ಟಿಲಿಳಿದವರು ಹಿಂಬಾಗಿಲಿನ ಕಡೆ ತಿರುಗಲಿಲ್ಲ. ಓಣಿಯನ್ನು ಸುತ್ತಿ, ದೋಣಿಕಟ್ಟೆಯ ಮುಂದಿನಿಂದ, ಬೋರ್ಡಿನ ಕೆಳಗೆ ಹಾದು, ಗಿರಾಕಿಗಳು ಬರುವ ಬಾಗಿಲಿನಿಂದ ಒಳಗೆ ಬಂದರು. ಬಾಗಿಲಿಗೆ ಹತ್ತಿರದ ದೊಡ್ಡ ಮೇಜಿಗೆ ಕೂತರು.

ಮಾವ ಗಲ್ಲಾದಿಂದ ಅರ್ಧ ಎದ್ದರು. “ಇದೇನು?”

“ಊಟಕ್ಕೆ ಬಂದಿದೀವಿ.”

“ಮನೇಲಿ ಏನಾಗಿದೆ?”

“ಮನೇಲಿ ಏನೂ ಆಗಿಲ್ಲ. ಅದಕ್ಕೇ ಬಂದಿದ್ದು.”

“ಹುಚ್ಚು ಹಿಡಿದಿದೆಯಾ? ನಮ್ಮಮ್ಮ...”

“ನಿಮ್ಮಮ್ಮ ಕಟ್ಟು ಮಾಡಿದ್ದು ಬಂದವರಿಗೆ ಒಳ್ಳೇದು ಸಿಗಲಿ ಅಂತ,” ಅತ್ತೆ ದನಿ ಏರಿಸಲಿಲ್ಲ. “ಸಿಗ್ತಿದೆಯಾ ಅಂತ ಯಾರು ನೋಡಿದಾರೆ? ನೀವು ನೋಡಿದೀರಾ? ನಾನು ನೋಡಿದೀನಾ? ಸಿಮೆಂಟಿನವನಿಗೆ ಕೊಡೋದಾದ್ರೆ ಕೊಡಿ. ಏನನ್ನ ಕೊಟ್ವಿ ಅಂತ ಒಂದು ಸಲ ಉಂಡು ಕೊಡೋಣ. ಕೂತ್ಕೊಳ್ಳಿ. ನಿಮಗೂ ಹಸಿವಾಗಿದೆ, ಮುಖ ನೋಡಿದ್ರೆ ಗೊತ್ತಾಗುತ್ತೆ.”

ಮಾವ ಸುತ್ತಲೂ ನೋಡಿದರು. ಖಾಲಿ ಮೇಜುಗಳು, ಹಗಲಿನಲ್ಲಿ ಬಣ್ಣಗೆಟ್ಟ ದೀಪದ ಸರ. ಬಂದು ಕೂತರು; ಆದರೆ ಕುರ್ಚಿಯ ತುದಿಗೆ.

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ಹೋದ. ಎಣ್ಣೆಯ ಸದ್ದು ಬಂತು.  

ನಾಲ್ಕು ತಟ್ಟೆ ಬಂತು. ಅತ್ತೆ ಮೊದಲ ತುತ್ತು ಬಾಯಿಗಿಟ್ಟರು. ಮದುವೆಯಾಗಿ ಬಂದಾಗಿನಿಂದ ವಾಸನೆ ಮಾತ್ರ ಉಂಡಿದ್ದ ಹೆಂಗಸು. ಅಗಿದರು, ನುಂಗಿದರು, ನೀರಿನ ಲೋಟಕ್ಕೆ ಕೈ ಚಾಚಿದರು. ಸೊಸೆಯ ನಾಲಿಗೆಗೆ ಮೊದಲು ಉಪ್ಪು ಹತ್ತಿತು, ಆಮೇಲೆ ಹಳೆಯ ಎಣ್ಣೆ, ಆಮೇಲೆ ಏನೂ ಇಲ್ಲ. ನಾದಿನಿ ಬಾಯಿ ಮುಚ್ಚಿಕೊಂಡೇ ಉಂಡಳು.

ಮಾವ ಮಾತ್ರ ನಿಲ್ಲಿಸಲಿಲ್ಲ. ಒಂದರ ಹಿಂದೊಂದು ತುತ್ತು. ಉಪ್ಪಿಗೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಮುಳ್ಳು ಬಿಟ್ಟು ಎಲ್ಲವನ್ನೂ ತಿಂದು ಮುಗಿಸಿ, ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

“ಇದನ್ನ ಉಣ್ಣಿಸಿ ಊಟ ಹೇಗಿತ್ತು ಅಂತ ದಿನಾ ಕೇಳ್ತಿದ್ದೆ ಕಣೇ,” ಎಂದರು ಹೆಂಡತಿಗೆ. “ಅವರೆಲ್ಲ ಚೆನ್ನಾಗಿತ್ತು ಅಂತಿದ್ರು. ಬೀಗರೂ ಅಂದ್ರು.” ಸೊಸೆಯ ಕಡೆ ನೋಡಲಿಲ್ಲ. “ನಿಮ್ಮಪ್ಪನಿಗೆ ಬರೋ ಭಾನುವಾರ ಬರೋಕೆ ಹೇಳು. ಬೇಡ... ಈ ಭಾನುವಾರ ಬೇಡ. ನಾನೇ ಫೋನ್ ಮಾಡಿ ಹೇಳ್ತೀನಿ, ಯಾವಾಗ ಅಂತ.”

“ಹೂಂ ಮಾವ,” ಎಂದಳು. ನೀರಿನ ಲೋಟವನ್ನು ಅವರ ಕಡೆ ಸರಿಸಿದಳು.

ಮಾವ ಅಡುಗೆಮನೆಯ ಕಡೆ ತಿರುಗಿದರು. “ಇನ್ನೊಂದು ಮಾಡೋ. ಈ ಸಲ...” ಮಾತು ಹುಡುಕಿದರು. “ಈ ಸಲ ನೀನು ಉಂಡು ಕೊಡು.”

 ಒಳಗಿನಿಂದ ಹಳೆಯ ಎಣ್ಣೆಯನ್ನು ಸುರಿದ ಸದ್ದು, ಬಾಣಲೆ ತಿಕ್ಕಿದ ಸದ್ದು, ಆಮೇಲೆ ಹೊಸ ಎಣ್ಣೆ ಕಾದ ಸದ್ದು. ಆ ಹೊತ್ತಿಗೆ ಬಾಗಿಲಲ್ಲಿ ಒಂದು ಸಂಸಾರ, ಗಂಡ ಹೆಂಡತಿ, ಎರಡು ಪುಟ್ಟ ಮಕ್ಕಳು ಬಂದು ನಿಂತರು. ಆ ವಾರ ಅಷ್ಟು ಜನ ಒಟ್ಟಿಗೆ ಬಂದದ್ದೇ ಇಲ್ಲ. ಮಾವ ಎದ್ದು, ಮುಂದೆ ಹೋಗಿ, ಎರಡು ಕೈಯನ್ನೂ ಅಡ್ಡ ಚಾಚಿದ ಹಾಗೆ ನಿಂತರು.

“ಕ್ಷಮಿಸಬೇಕು, ಊಟ ಇನ್ನೂ ಆಗಿಲ್ಲ.”

“ಇಷ್ಟು ಹೊತ್ತಾದ್ರೂನಾ?” ಎಂದ ಬಂದವನು.

“ಹೌದು. ಇನ್ನೂ ಆಗಿಲ್ಲ.”

ಅವರು ಹೋದರು. ಮಾವ ಬಂದು ಈ ಸಲ ಕುರ್ಚಿಯಲ್ಲಿ ಪೂರ್ತಿ ಕೂತರು.

ಸ್ವಲ್ಪ ಹೊತ್ತಿಗೆ ಗಂಡ ತಟ್ಟೆ ಹಿಡಿದು ಹೊರಗೆ ಬಂದ. ನೋಡಲು ಬಲು ಚೆಂದವಿತ್ತು, ಹೊಗೆಯಾಡುತ್ತಿತ್ತು. ಎಲ್ಲರೂ ಕೈ ಮುಂದೆ ಮಾಡಿಕೊಂಡರು. ಅವನು ಮೇಜಿನ ಬಳಿ ನಿಂತು, ಯಾರ ಮುಖವನ್ನೂ ನೋಡದೆ, ತಟ್ಟೆಯ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಕಿವಿ ಕೆಂಪಾಯಿತು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದ. ಸೊಸೆ ಅವನ ದವಡೆಯನ್ನೇ ನೋಡುತ್ತಿದ್ದಳು. ಅದು ಒಮ್ಮೆ ನಿಂತಿತು, ಮತ್ತೆ ಆಡಿತು.

ಅವನು ಕಣ್ಣು ಬಿಟ್ಟ. ತಟ್ಟೆಯನ್ನು ಮೇಜಿಗಿಡಲಿಲ್ಲ. ತಲೆ ಅಡ್ಡಡ್ಡ ಆಡಿಸಿ, ಅದನ್ನು ಹಿಡಿದುಕೊಂಡೇ ಬಿರಬಿರನೆ ಒಳಗೆ ಹೋದ.

“ಅಯ್ಯೋ, ಅಣ್ಣಾ! ಇಲ್ಲಿ ಹಸಿವಲ್ಲಿ ಸಾಯ್ತಿದೀವಿ!” ನಾದಿನಿ ಕೂಗಿದಳು.

“ಸುಮ್ಮನಿರೇ,” ಎಂದರು ಮಾವ. “ಮಾಡ್ಲಿ ಬಿಡು.”